ಫಿಸಿಶಿಯನ್ ಭೇಟಿ: ಹೋಗುವ ಮುನ್ನ, ಕೋಣೆಯೊಳಗೆ, ಹೊರಬಂದ ಮೇಲೆ

ಜ್ವರ ಬಂದು ಹತ್ತು ದಿನವಾದರೂ ಬಿಟ್ಟಿಲ್ಲ. ಮಾತ್ರೆ ನುಂಗುತ್ತಿದ್ದರೂ ಬಿಪಿ ಇಳಿಯುತ್ತಿಲ್ಲ. ತೂಕ ಇಳಿಯುತ್ತಿದೆ, ಯಾಕೆಂದು ಗೊತ್ತಿಲ್ಲ. ಇಂಥ ತೊಂದರೆಗಳನ್ನು ಮೊದಲು ನೋಡಬೇಕಾದವರು ಫಿಸಿಶಿಯನ್, ಅಂದರೆ ಜನರಲ್ ಮೆಡಿಸಿನ್ ವೈದ್ಯರು. ದೊಡ್ಡವರ ಕಾಯಿಲೆಗಳನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಔಷಧಿಯಿಂದ ನೋಡಿಕೊಳ್ಳುವವರು ಇವರು. ಹೃದಯಕ್ಕೊಬ್ಬರು, ಕಿಡ್ನಿಗೊಬ್ಬರು ತಜ್ಞರಿರುವಾಗ ಇವರೇಕೆ? ಕಾಲು ಊದಿಕೊಳ್ಳುವುದನ್ನೇ ನೋಡಿ. ಅದು ಹೃದಯದಿಂದ ಬರಬಹುದು, ಕಿಡ್ನಿಯಿಂದ, ಲಿವರ್‌ನಿಂದ, ಥೈರಾಯ್ಡ್‌ನಿಂದ ಬರಬಹುದು, ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಬರಬಹುದು. ಯಾವ ತಜ್ಞರ ಬಳಿ ಹೋಗಬೇಕೆಂದು ರೋಗಿಯೇ ಊಹಿಸಿದರೆ ತಪ್ಪಬಹುದು.

ಈ ಭೇಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ರೋಗಿಯ ಮಾತು. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ 80 ಹೊಸ ರೋಗಿಗಳಿದ್ದರು. ಅವರಲ್ಲಿ 66 ಮಂದಿಯ ಕಾಯಿಲೆ ಏನೆಂಬುದು ಮಾತು ಕೇಳಿ ಮುಗಿಯುವಷ್ಟರಲ್ಲೇ ಸರಿಯಾಗಿ ಗೊತ್ತಾಗಿತ್ತು. ಮೈ ಪರೀಕ್ಷಿಸಿದ ಮೇಲೆ ಸ್ಪಷ್ಟವಾದದ್ದು 7 ಮಂದಿಯದು, ಲ್ಯಾಬ್ ಪರೀಕ್ಷೆಯಿಂದ ಇನ್ನು 7 ಮಂದಿಯದು. ಆಮೇಲೆ ಎಷ್ಟೋ ಯಂತ್ರಗಳು ಬಂದಿವೆ. ಆದರೆ ಯಾರನ್ನು ಯಾವ ಯಂತ್ರದ ಬಳಿ ಕಳಿಸಬೇಕು ಎಂಬುದು ಈಗಲೂ ಮಾತಿನಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಕೆಳಗೆ ಹೇಳಿರುವ ಕೆಲಸದಲ್ಲಿ ಅರ್ಧ, ವೈದ್ಯರ ಮುಂದೆ ಕೂರುವ ಮೊದಲೇ ಮುಗಿದಿರಬೇಕು.

ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ ಸಂದರ್ಭಗಳು

ಬೆವರಿನೊಂದಿಗೆ ಎದೆ ಹಿಂಡಿದಂತಾಗುವುದು, ನೋವು ದವಡೆಗೋ ಎಡಗೈಗೋ ಹರಡುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕೂತಲ್ಲೇ ಏದುಸಿರು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದ ಜೊತೆ ಗೊಂದಲ ಅಥವಾ ಕತ್ತು ಬಿಗಿಯುವುದು, ಹಿಂದೆಂದೂ ಇಲ್ಲದಂಥ ತಲೆನೋವು ಸಿಡಿಲು ಹೊಡೆದಂತೆ ಒಮ್ಮೆಲೇ ಬರುವುದು. ಇವಕ್ಕೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು. ಪಾರ್ಶ್ವವಾಯುವಿನ ಅನುಮಾನವಿದ್ದರೆ ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಹೊತ್ತಿನಿಂದ 4.5 ಗಂಟೆಯೊಳಗೆ ಕೊಡಬೇಕು.

ಹೆಜ್ಜೆ 1: ಒಂದು ಹಾಳೆ, ಒಂದು ಚೀಲ

ಹಾಳೆಯಲ್ಲಿ ತೊಂದರೆಯನ್ನು ಬರೆಯಿರಿ. ದೊಡ್ಡ ದೊಡ್ಡ ವಿಶೇಷಣಗಳು ಬೇಡ, ದಿನಾಂಕ ಮತ್ತು ಅಳತೆ ಬೇಕು. ಹೀಗೆ:

"3 ವಾರದಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಮೊದಲು 3 ಮಹಡಿ ನಿಲ್ಲದೆ ಹತ್ತುತ್ತಿದ್ದೆ, ಈಗ ಒಂದಕ್ಕೇ ನಿಲ್ಲಬೇಕು. ರಾತ್ರಿ 2 ದಿಂಬು ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಸಂಜೆ ಹೊತ್ತಿಗೆ ಪಾದ ಊದುತ್ತದೆ. ಎದೆನೋವು ಇಲ್ಲ."

ಇದರಲ್ಲಿ "ತುಂಬಾ", "ವಿಪರೀತ" ಎಂಬ ಮಾತೇ ಇಲ್ಲ. ಆದರೂ ಓದಿದ ವೈದ್ಯರ ಗಮನ ನೇರ ಹೃದಯದ ಕಡೆ ಹೋಗುತ್ತದೆ. ಕೊನೆಯ "ಇಲ್ಲ" ಕೂಡ ಮುಖ್ಯ. ಏನಿಲ್ಲ ಎಂಬುದೂ ಏನಿದೆ ಎಂಬುದರಷ್ಟೇ ಉಪಯೋಗಕ್ಕೆ ಬರುತ್ತದೆ. ಜ್ವರವಿದ್ದರೆ ಥರ್ಮಾಮೀಟರ್ ಇಟ್ಟು, ಗಂಟೆಯ ಸಮೇತ ಅಂಕಿ ಬರೆಯಿರಿ, ಜ್ವರದ ಮಾತ್ರೆ ನುಂಗಿದ ಹೊತ್ತನ್ನೂ ಸೇರಿಸಿ. "ಮೈ ಬಿಸಿ ಇತ್ತು" ಎಂಬುದರಿಂದ ಏನೂ ತಿಳಿಯುವುದಿಲ್ಲ. ತೂಕದ ವಿಷಯದಲ್ಲಿ ಹಳೆಯ ಅಂಕಿ ಹುಡುಕಿ ಇಟ್ಟುಕೊಳ್ಳಿ. ಪ್ರಯತ್ನವಿಲ್ಲದೆ 6ರಿಂದ 12 ತಿಂಗಳಲ್ಲಿ 5 ಶೇಕಡಕ್ಕಿಂತ ಹೆಚ್ಚು, ಅಂದರೆ 70 ಕೆ.ಜಿ. ಇದ್ದವರು ಮೂರೂವರೆ ಕೆ.ಜಿ.ಗಿಂತ ಹೆಚ್ಚು ಇಳಿದಿದ್ದರೆ ವೈದ್ಯರು ಅದನ್ನು ಲಘುವಾಗಿ ಬಿಡುವುದಿಲ್ಲ.

ಚೀಲದಲ್ಲಿ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಹಾಕಿಕೊಂಡು ಹೋಗಿ. "ಬಿಳಿ ಬಣ್ಣದ ಸಣ್ಣ ಗುಂಡು ಮಾತ್ರೆ" ಎಂದರೆ ನೂರಾರು ಇವೆ. ಜನ ಔಷಧಿ ಎಂದು ಲೆಕ್ಕಕ್ಕೇ ಹಿಡಿಯದ ವಸ್ತುಗಳು ಇಲ್ಲಿ ಬಹಳ ಮುಖ್ಯ: ಮೈಕೈ ನೋವಿಗೆ ಆಗಾಗ ನುಂಗುವ ಮಾತ್ರೆ, ಗಿಡಮೂಲಿಕೆ ಪುಡಿ, ಗರ್ಭನಿರೋಧಕ, ಇನ್‌ಹೇಲರ್, ವಿಟಮಿನ್, ಕಣ್ಣಿನ ಡ್ರಾಪ್ಸ್ ಕೂಡ. ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ನರ ಕೆಡಿಸುವ ಕಾಯಿಲೆಗೆ, ಹಾಕುವ ಟಿಮೋಲಾಲ್ ಡ್ರಾಪ್ಸ್ ರಕ್ತಕ್ಕೆ ಸೇರಿ ನಾಡಿಯನ್ನು ನಿಧಾನಗೊಳಿಸಬಲ್ಲದು, ಆಸ್ತಮಾ ಕೆರಳಿಸಬಲ್ಲದು. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ. ಬಿಪಿಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು ಕೊಡುತ್ತವೆ. "ಬಿಪಿ ಯಾಕೆ ಇಳಿಯುತ್ತಿಲ್ಲ" ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಆ ಚೀಲದ ತಳದಲ್ಲೇ ಇರುತ್ತದೆ. ಬಯೋಟಿನ್ ಇರುವ ಕೂದಲಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಅದು ತಪ್ಪಾಗಿ ತೋರಿಸಬಲ್ಲದು, ಹಾಗಾಗಿ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ.

ಹಳೆಯ ರಿಪೋರ್ಟ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಹೊಸದು ಮೇಲೆ ಬರಲಿ. ಒಂದೇ ಅಂಕಿಗಿಂತ ಅದು ಬಂದ ದಾರಿ ಹೆಚ್ಚು ಹೇಳುತ್ತದೆ. ಕಿಡ್ನಿಯ ಕೆಲಸ ತಿಳಿಸುವ ರಕ್ತದ ಅಂಕಿ ಕ್ರಿಯಾಟಿನಿನ್ 1.4 ನಾಲ್ಕು ವರ್ಷದಿಂದ ಹಾಗೇ ಇದ್ದರೆ ಅದೊಂದು ಬಗೆ. ನಾಲ್ಕು ತಿಂಗಳಲ್ಲಿ 0.9ರಿಂದ 1.4ಕ್ಕೆ ಏರಿದ್ದರೆ ಬೇರೆಯೇ ಬಗೆ, ತಡಮಾಡುವಂತಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಫಾಸ್ಟಿಂಗ್ ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು, ಕುಡಿಯಲೇಬೇಕು. ಬಿಪಿ ಮಾತ್ರೆಯನ್ನು ನೀರಿನಲ್ಲಿ ಎಂದಿನಂತೆ ನುಂಗಿ. "ಇವತ್ತು ಡಾಕ್ಟರ್ ನೋಡುತ್ತಾರಲ್ಲ" ಎಂದು ಅವತ್ತೇ ಮಾತ್ರೆ ಬಿಟ್ಟುಹೋದರೆ ಬಿಪಿ ಹೆಚ್ಚು ಬಂದು, ಬೇಡದ ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ. ಶುಗರ್ ಮಾತ್ರೆ, ಇನ್ಸುಲಿನ್ ವಿಷಯ ಇದಕ್ಕೆ ಉಲ್ಟಾ. ಅವನ್ನು ತೆಗೆದುಕೊಂಡು ಉಪವಾಸ ಕೂತರೆ ಶುಗರ್ ಅಪಾಯಕ್ಕೆ ಇಳಿಯಬಹುದು. ಎಷ್ಟು, ಯಾವಾಗ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಪ್ರಜ್ಞೆ ತಪ್ಪಿ ಬಿದ್ದದ್ದು, ಮರೆವು, ಗೊರಕೆ ಇವುಗಳಿಗಾಗಿ ಹೋಗುತ್ತಿದ್ದರೆ ಅದನ್ನು ಕಣ್ಣಾರೆ ಕಂಡವರನ್ನು ಕರೆದುಕೊಂಡು ಹೋಗಿ. ಮೊಬೈಲ್‌ನಲ್ಲಿ ಯಾರಾದರೂ ವಿಡಿಯೊ ಹಿಡಿದಿದ್ದರೆ ಇನ್ನೂ ಒಳ್ಳೆಯದು. ಮೂರ್ಛೆರೋಗವೋ (ಫಿಟ್ಸ್), ಬರೀ ತಲೆಸುತ್ತಿ ಬಿದ್ದದ್ದೋ ಎಂದು ಬೇರ್ಪಡಿಸಲು ಅರ್ಧ ನಿಮಿಷದ ವಿಡಿಯೊ ಸಾಕಾಗುವುದುಂಟು.

ಹೆಜ್ಜೆ 2: ಬಾಗಿಲ ಹೊರಗೆ ಬಿಪಿ, ನಾಡಿ, ತೂಕ

ಅವಸರದಲ್ಲಿ ನಡೆಯುವ, ಹೆಚ್ಚು ತಪ್ಪಾಗುವ ಕೆಲಸ ಇದು. ಅಳತೆಗೆ ಮೊದಲಿನ 30 ನಿಮಿಷ ಕಾಫಿ, ಟೀ, ಸಿಗರೇಟ್ ಬೇಡ. ಮೂತ್ರ ಮಾಡಿ ಬನ್ನಿ. 5 ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಹೃದಯದ ಮಟ್ಟಕ್ಕೆ, ಬಿಪಿ ಯಂತ್ರದ ಪಟ್ಟಿ (ಕಫ್) ಅಂಗಿಯ ಮೇಲಲ್ಲ, ಬರಿ ತೋಳಿಗೆ. ಅಳೆಯುವಾಗ ಮಾತಾಡಿದರೂ, ಕಾಲ ಮೇಲೆ ಕಾಲು ಹಾಕಿದರೂ, ಕೈ ಕೆಳಗೆ ಜೋತಾಡುತ್ತಿದ್ದರೂ ಅಂಕಿ ಏರುತ್ತದೆ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. "ದೊಡ್ಡ ಪಟ್ಟಿ ಇದೆಯೇ" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಸುತ್ತಿದರೆ, ಒಳಗೆ ಹೋದ ಮೇಲೆ ಇನ್ನೊಮ್ಮೆ ನೋಡಿ ಎಂದು ವೈದ್ಯರಿಗೇ ಹೇಳಿ. ಮೊದಲ ಭೇಟಿಯಲ್ಲಿ ಎರಡೂ ತೋಳು ಅಳೆದು, ಹೆಚ್ಚಿರುವ ಕಡೆಯದನ್ನು ಮುಂದಕ್ಕೂ ಹಿಡಿಯುವುದು ಕ್ರಮ.

ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ನಿಲ್ಲಿಸಿಯೂ ಬಿಪಿ ನೋಡಬೇಕು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಂತೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್‌ಗೆ ಉಗುರುಬಣ್ಣ ಮತ್ತು ತಣ್ಣಗಿನ ಬೆರಳು ಅಡ್ಡಿ. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು.

ಹೆಜ್ಜೆ 3: ಮಾತು

1984ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಅದು ಸರಿಯೋ ತಪ್ಪೋ ಎಂಬ ವಾದ ಇರಲಿ, ನಿಮ್ಮ ಕೈಲಿರುವುದು ಮೊದಲ ವಾಕ್ಯ. ಅದರಲ್ಲೇ ಎಷ್ಟು ವಿಷಯಗಳಿವೆ, ದೊಡ್ಡದು ಯಾವುದು ಎಂದು ಹೇಳಿಬಿಡಿ: "ಮೂರು ತೊಂದರೆ ಇದೆ ಡಾಕ್ಟ್ರೇ. ಏದುಸಿರು, ಮಂಡಿನೋವು, ನಿದ್ದೆ. ಹೆದರಿಕೆಯಾಗಿರುವುದು ಏದುಸಿರಿಗೆ." ಮಂಡಿನೋವಿನಿಂದ ಶುರು ಮಾಡಿ, ಎದ್ದು ಹೊರಡುವಾಗ "ಹ್ಞಾಂ, ಇನ್ನೊಂದು, ಮಲದಲ್ಲಿ ರಕ್ತ ಹೋಗುತ್ತದೆ" ಎನ್ನುವವರು ಕಡಿಮೆಯಿಲ್ಲ. ಅಷ್ಟು ಹೊತ್ತಿಗೆ ಮುಂದಿನ ರೋಗಿ ಬಾಗಿಲಲ್ಲಿ ನಿಂತಿರುತ್ತಾರೆ.

ಇನ್ನೊಂದು ಕಷ್ಟ ನಮ್ಮ ಮಾತುಗಳಲ್ಲೇ ಇದೆ. ಒಂದೇ ಪದಕ್ಕೆ ನಾಲ್ಕು ಅರ್ಥ.

"ತಲೆಸುತ್ತು" ಎಂದರೆ ಕೋಣೆಯೇ ಗಿರಗಿರ ತಿರುಗಿದಂತೆಯೋ, ಕಣ್ಣು ಕತ್ತಲೆ ಬಂದು ಬೀಳುವಂತೆಯೋ, ನಡೆಯುವಾಗ ತೂರಾಡುವುದೋ? ಮೊದಲನೆಯದು ಹೆಚ್ಚಾಗಿ ಒಳಗಿವಿಯದು, ಎರಡನೆಯದು ಬಿಪಿ ಅಥವಾ ಹೃದಯದ್ದು, ಮೂರನೆಯದು ನರ ಅಥವಾ ಮಿದುಳಿನದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುತ್ತದೋ, ಎದ್ದು ನಿಂತಾಗ ಬರುತ್ತದೋ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು.

"ಸುಸ್ತು" ಇನ್ನೂ ಜಾರುವ ಪದ. ಉಸಿರು ಸಾಲದೆಯೋ, ಕೈಕಾಲಿನಲ್ಲಿ ಬಲವಿಲ್ಲದೆಯೋ, ನಿದ್ದೆ ತೂಗಿ ಬರುವುದೋ, ಯಾವುದರಲ್ಲೂ ಮನಸ್ಸಿಲ್ಲವೋ? ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಖಿನ್ನತೆ ಎಲ್ಲವೂ ಈ ಒಂದೇ ಪದದ ಹಿಂದೆ ನಿಂತಿರುತ್ತವೆ. "ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ" ಎಂದು ಹೇಳುವುದೇ ಸುಲಭದ ದಾರಿ.

"ಗ್ಯಾಸ್" ಎಂಬ ಪದವನ್ನಂತೂ ವೈದ್ಯರ ಮುಂದೆ ಬಳಸದಿರುವುದೇ ಒಳ್ಳೆಯದು. ಅದು ತೊಂದರೆಯ ವರ್ಣನೆಯಲ್ಲ, ಆಗಲೇ ಕೊಟ್ಟುಬಿಟ್ಟ ತೀರ್ಪು. ಎದೆ ಉರಿಯೇ, ಹೊಟ್ಟೆ ಉಬ್ಬರವೇ, ತೇಗೇ, ಎದೆಯ ಮೇಲೆ ಭಾರ ಇಟ್ಟಂತೆಯೇ? ಊಟವಾದ ಮೇಲೆ ಮಲಗಿದಾಗ ಬರುತ್ತದೋ, ನಡೆದಾಗ ಬಂದು ನಿಂತಾಗ ಹೋಗುತ್ತದೋ? ನಡೆದಾಗ ಬಂದು ನಿಂತಾಗ ಹೋಗುವ "ಗ್ಯಾಸ್" ಹೃದಯದ್ದೇ ಇರಬಹುದು, ಅಲ್ಲವೆಂದು ಖಚಿತವಾಗುವವರೆಗೆ ಹಾಗೆಂದೇ ನೋಡಬೇಕು. ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರಾಗಿಯೂ ಹೃದಯಾಘಾತ ಬರುವುದುಂಟು.

ಜೋಮು ಎಂದರೂ ಹಾಗೇ: ಮುಟ್ಟಿದ್ದು ಗೊತ್ತಾಗುತ್ತಿಲ್ಲವೋ, ಇರುವೆ ಹರಿದಂತೆಯೋ, ಎತ್ತಲು ಬಲವಿಲ್ಲವೋ, ಬಿಡಿಸಿ ಹೇಳಿ.

ಆಮೇಲೆ ವೈದ್ಯರ ಪ್ರಶ್ನೆಗಳು ಸಂಬಂಧವಿಲ್ಲದವೆಂಬಂತೆ ಕಾಣುತ್ತವೆ. ಕೆಮ್ಮಿಗೆ ಬಂದರೆ ಬಿಪಿ ಮಾತ್ರೆ ಯಾವುದೆಂದು ಕೇಳುತ್ತಾರೆ, ಯಾಕೆಂದರೆ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ಮುಟ್ಟು ಕೊನೆಯದಾಗಿ ಯಾವಾಗ ಆಯಿತು, ಮನೆಯಲ್ಲಿ ಯಾರಿಗೆ ಹೃದಯದ ಕಾಯಿಲೆ, ಯಾವ ವಯಸ್ಸಿಗೆ? ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಬಂದಿದ್ದರೆ ನಿಮ್ಮ ಲೆಕ್ಕವೂ ಬದಲಾಗುತ್ತದೆ. "ಅಲರ್ಜಿ ಇದೆ" ಎಂದಷ್ಟೇ ಹೇಳಬೇಡಿ. ಮೈಯೆಲ್ಲ ದದ್ದು ಎದ್ದು ಮುಖ ಊದಿತೇ, ಹೊಟ್ಟೆ ಕೆಟ್ಟಿತಷ್ಟೇ? ಎರಡನೆಯದು ಸಾಮಾನ್ಯವಾಗಿ ಅಲರ್ಜಿಯಲ್ಲ, ಅದಕ್ಕಾಗಿ ಒಳ್ಳೆಯ ಆಂಟಿಬಯೋಟಿಕ್ ಒಂದನ್ನು ಜೀವನಪೂರ್ತಿ ಕಳೆದುಕೊಳ್ಳುವುದು ನಷ್ಟ.

ಎರಡು ಕಡೆ ಜನ ಸುಳ್ಳು ಹೇಳುತ್ತಾರೆ: ಮಾತ್ರೆ ತಪ್ಪಿಸಿದ್ದು, ಕುಡಿತ. ವಾರಕ್ಕೆ ಮೂರು ದಿನ ಬಿಟ್ಟ ಮಾತ್ರೆಯನ್ನು ದಿನವೂ ನುಂಗಿದ್ದೇನೆಂದರೆ, ಡೋಸ್ ಸಾಲದೆಂದು ವೈದ್ಯರು ಹೆಚ್ಚಿಸುತ್ತಾರೆ. ಆಮೇಲೆ ನೀವು ಶಿಸ್ತಾಗಿ ನುಂಗಿದ ವಾರ ಬಿಪಿ ಕುಸಿಯುತ್ತದೆ. ದಿನವೂ ಕುಡಿಯುವವರು ಅದನ್ನು ಮುಚ್ಚಿಟ್ಟು ಆಸ್ಪತ್ರೆಗೆ ಸೇರಿದರೆ, ಕುಡಿತ ನಿಂತ ಒಂದೆರಡು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಶುರುವಾಗಬಹುದು. ಮನೆಯವರ ಮುಂದೆ ಹೇಳಲಾಗದಿದ್ದರೆ, "ಸ್ವಲ್ಪ ಒಬ್ಬನೇ ಮಾತಾಡಬೇಕು" ಎಂದು ಕೇಳಿ. ಕ್ಯಾನ್ಸರ್ ಇರಬಹುದೇ ಎಂಬ ಭಯ ಒಳಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿಬಿಡಿ. ಹೇಳದ ಭಯಕ್ಕೆ ಯಾರೂ ಉತ್ತರ ಕೊಡಲಾರರು.

ಹೆಜ್ಜೆ 4: ಮೈ ಪರೀಕ್ಷೆ

ಸಡಿಲ ಬಟ್ಟೆ, ಮೇಲಕ್ಕೆ ಸರಿಸಲು ಬರುವ ತೋಳು, ಬೇಗ ಬಿಚ್ಚುವ ಚಪ್ಪಲಿ. ಕಣ್ಣಿನ ಕೆಳರೆಪ್ಪೆ ಎಳೆದು ರಕ್ತಹೀನತೆ ನೋಡುತ್ತಾರೆ, ಬಿಳಿಭಾಗದಲ್ಲಿ ಕಾಮಾಲೆ. ಕತ್ತಿನಲ್ಲಿ ಗಂಟು ತಡವುತ್ತಾರೆ, ಗುಟುಕು ನುಂಗಿಸಿ ಥೈರಾಯ್ಡ್ ನೋಡುತ್ತಾರೆ. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ಎಂದು ನೋಡುತ್ತಾರೆ. ಸ್ಟೆತಸ್ಕೋಪ್ ಇಟ್ಟಾಗ ಬಾಯಿ ತೆರೆದು ಉಸಿರಾಡಿ, ಮೂಗಿನ ಸದ್ದು ಅಡ್ಡ ಬರುವುದಿಲ್ಲ. ಹೊಟ್ಟೆ ನೋಡುವಾಗ ಮೊಣಕಾಲು ಮಡಚಿ ಹೊಟ್ಟೆ ಸಡಿಲ ಬಿಡಿ. ಬಿಗಿ ಹಿಡಿದರೆ ಲಿವರ್ ಕೈಗೆ ಸಿಗುವುದಿಲ್ಲ. ಎದೆ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟಿಯೂ ನೋಡುತ್ತಾರೆ. ಎದೆ ತಟ್ಟಿ ನೋಡುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದವರು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್. ತಂದೆಯ ತಂಗುಮನೆಯಲ್ಲಿ ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಕಂಡು ಅವರಿಗೆ ಅದು ಹೊಳೆಯಿತೆಂದು ಹೇಳುತ್ತಾರೆ. ಎದೆಯಲ್ಲಿ ನೀರು ತುಂಬಿದ ಕಡೆ ಸದ್ದು ಮಂದ, ಗಾಳಿ ಇರುವ ಕಡೆ ಟೊಳ್ಳು.

ಮಧುಮೇಹವಿದ್ದರೆ ಪಾದ ತೋರಿಸದೆ ಬರಬೇಡಿ. ತೆಳ್ಳಗಿನ ನೈಲಾನ್ ಎಳೆಯೊಂದನ್ನು ಬಾಗುವಷ್ಟು, ಅಂದರೆ 10 ಗ್ರಾಂ ಒತ್ತಡದಲ್ಲಿ ಪಾದಕ್ಕೆ ತಾಗಿಸುತ್ತಾರೆ. ಅದು ಗೊತ್ತಾಗದಿದ್ದರೆ ಚಪ್ಪಲಿಯೊಳಗಿನ ಕಲ್ಲೂ ಗೊತ್ತಾಗುವುದಿಲ್ಲ, ಹುಣ್ಣು ಶುರುವಾಗುವುದೇ ಅಲ್ಲಿಂದ.

ಹೆಜ್ಜೆ 5: ಬರೆದುಕೊಟ್ಟ ಪರೀಕ್ಷೆಗಳು

ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: "ಇದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಇದು ಅವಿನಯವಲ್ಲ, ಒಳ್ಳೆಯ ಫಿಸಿಶಿಯನ್ ತಮ್ಮೊಳಗೆ ಕೇಳಿಕೊಳ್ಳುವ ಪ್ರಶ್ನೆಯೇ ಇದು.

ಪರೀಕ್ಷೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಲೆಕ್ಕ ಒಪ್ಪುವುದಿಲ್ಲ. ರಿಪೋರ್ಟ್‌ನ ಬದಿಯಲ್ಲಿ ಅಚ್ಚಾದ "ನಾರ್ಮಲ್" ವ್ಯಾಪ್ತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 95 ಶೇಕಡ ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ 20 ಆರೋಗ್ಯವಂತರಲ್ಲಿ ಒಬ್ಬರು ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಯಾವ ಕಾಯಿಲೆಯೂ ಇಲ್ಲದವರಿಗೂ ಕನಿಷ್ಠ ಒಂದು ಅಂಕಿ ವ್ಯಾಪ್ತಿಯ ಹೊರಗೆ ಬಿದ್ದು ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು 64 ಶೇಕಡ. ಆ ಒಂದು ಅಂಕಿಯ ಬೆನ್ನುಹತ್ತಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿಕೊಂಡವರಿದ್ದಾರೆ.

ಸಾಮಾನ್ಯವಾಗಿ ಬರೆಯುವವು ಇಷ್ಟು: ರಕ್ತಕಣಗಳ ಪೂರ್ಣ ಎಣಿಕೆ, ಶುಗರ್, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ಮೂತ್ರ, ಇಸಿಜಿ. ಎಚ್‌ಬಿಎ1ಸಿ ಸುಮಾರು 3 ತಿಂಗಳ ಶುಗರ್‌ನ ಸರಾಸರಿ ಚಿತ್ರ, 6.5 ಶೇಕಡ ಮತ್ತು ಮೇಲೆ ಮಧುಮೇಹ, 5.7ರಿಂದ 6.4 ಅದರ ಹೊಸ್ತಿಲು. ರೋಗಲಕ್ಷಣ ಇಲ್ಲದವರಲ್ಲಿ ಒಂದೇ ಫಲಿತಾಂಶ ನೆಚ್ಚದೆ ಇನ್ನೊಮ್ಮೆ ನೋಡುತ್ತಾರೆ. ಇತ್ತೀಚೆಗೆ ರಕ್ತ ಕೊಡಿಸಿದ್ದರೆ, ರಕ್ತ ಹೋಗಿದ್ದರೆ, ಕಬ್ಬಿಣಾಂಶ ಕಡಿಮೆ ಇದ್ದರೆ ಈ ಅಂಕಿ ಮೋಸ ಮಾಡುತ್ತದೆ. ಪೊಟ್ಯಾಸಿಯಂ ಅನಿರೀಕ್ಷಿತವಾಗಿ ಹೆಚ್ಚು ಬಂದರೆ, ರಕ್ತ ತೆಗೆಯುವಾಗ ಮುಷ್ಟಿ ಮತ್ತೆ ಮತ್ತೆ ಬಿಗಿದದ್ದೋ, ಟ್ಯೂಬಿನಲ್ಲಿ ರಕ್ತಕಣ ಒಡೆದದ್ದೋ ಕಾರಣವಾಗಿರಬಹುದು. ಮೂತ್ರಕ್ಕೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಹೃದಯದ ರಕ್ತನಾಳ ಸರಿಯಿದೆ ಎಂದಲ್ಲ. ಮಲಗಿದ್ದಾಗ ತೆಗೆದ ಇಸಿಜಿ, ನಡೆದಾಗ ಬರುವ ನೋವಿನ ಬಗ್ಗೆ ಸುಮ್ಮನಿರಬಹುದು.

ಹೆಜ್ಜೆ 6: ಚೀಟಿ ಹಿಡಿದು ಏಳುವ ಮೊದಲು

ಮೊದಲ ದಿನವೇ ಕಾಯಿಲೆಯ ಹೆಸರು ಸಿಗದೆ ಇರಬಹುದು. "ಇದು ಇರಬಹುದು, ಅದು ಇರಬಹುದು, ವಾರ ನೋಡೋಣ" ಎಂಬುದನ್ನು ಗೊತ್ತಿಲ್ಲದ ವೈದ್ಯರ ಮಾತೆಂದು ತಿಳಿಯಬೇಡಿ. ಕಾಲವೂ ಒಂದು ಪರೀಕ್ಷೆಯೇ. ಆದರೆ ಕಾಯಲು ಹೇಳಿದಾಗ ಎರಡು ವಿಷಯ ಕೇಳಿಕೊಳ್ಳಿ: ಎಷ್ಟು ದಿನ ಕಾಯಬೇಕು, ಏನಾದರೆ ಕಾಯದೆ ಬರಬೇಕು.

ಮಾತ್ರೆಗಳ ಹೆಸರು, ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ ಎಂದು ಓದಿ, ನಿಮ್ಮ ಮಾತಿನಲ್ಲಿ ವೈದ್ಯರಿಗೇ ತಿರುಗಿಸಿ ಹೇಳಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಳೆಯ ಮಾತ್ರೆಗಳಲ್ಲಿ ಯಾವುದು ನಿಲ್ಲಬೇಕು ಎಂಬುದನ್ನು ಕೇಳದೆ ಏಳಬೇಡಿ. ಒಂದೇ ಔಷಧಿ ಎರಡು ಕಂಪನಿಯ ಹೆಸರಲ್ಲಿ ಎರಡು ಪಾಲು ಹೊಟ್ಟೆಗೆ ಹೋಗುವುದು ಹೀಗೇ. ಪ್ಯಾರಾಸಿಟಮಾಲ್‌ನಲ್ಲಿ ಇದು ಬಹಳ. ದೊಡ್ಡವರಿಗೆ 24 ಗಂಟೆಗೆ 4 ಗ್ರಾಂ ಮೇಲಿನ ಮಿತಿ, ಲಿವರ್ ತೊಂದರೆ ಇದ್ದವರಿಗೆ ಅದಕ್ಕೂ ಕಡಿಮೆ, ನೆಗಡಿಯ ಮಾತ್ರೆಯೊಳಗಿನದೂ ಲೆಕ್ಕಕ್ಕೆ ಸೇರುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗೆ 30ರಿಂದ 60 ನಿಮಿಷ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಡುವೆ 4 ಗಂಟೆ ಇರಲಿ.

ಹೆಜ್ಜೆ 7: ಮನೆಗೆ ಬಂದ ಮೇಲೆ

ಮರುಭೇಟಿಯ ದಿನವನ್ನು ಔಷಧಿಯೇ ನಿರ್ಧರಿಸುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಬಗೆಯ ಬಿಪಿ ಮಾತ್ರೆ ಶುರುವಾದರೆ 1ರಿಂದ 2 ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಥೈರಾಯ್ಡ್ ಡೋಸ್ ಬದಲಾದರೆ ಟಿಎಸ್‌ಎಚ್ 6ರಿಂದ 8 ವಾರಕ್ಕೆ. ಎರಡು ವಾರಕ್ಕೇ ಮಾಡಿಸಿದರೆ ದುಡ್ಡು ದಂಡ. ಎಚ್‌ಬಿಎ1ಸಿ 3 ತಿಂಗಳಿಗೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯಿಂದ ಮೊದಲ ದಿನಗಳಲ್ಲಿ ಹೊಟ್ಟೆ ಕೆಡುವುದು, ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಾಮಾನ್ಯ. ಹೆದರಿ ನೀವಾಗಿಯೇ ನಿಲ್ಲಿಸದೆ ಫೋನ್ ಮಾಡಿ ಕೇಳಿ.

ಬಿಪಿ ಮನೆಯಲ್ಲಿ ನೋಡಲು ಹೇಳಿದ್ದರೆ, ತೋಳಿಗೆ ಸುತ್ತುವ ಯಂತ್ರ ಬಳಸಿ, ಮಣಿಕಟ್ಟಿನದು ಬೇಡ. ಬೆಳಗ್ಗೆ ಮಾತ್ರೆಗೆ ಮುಂಚೆ 2 ಸಲ, ರಾತ್ರಿ 2 ಸಲ, ಒಂದೊಂದರ ನಡುವೆ 1 ನಿಮಿಷ ಬಿಟ್ಟು, 7 ದಿನ. ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಿ ಬರೆಯಬೇಡಿ, ಬಂದದ್ದೆಲ್ಲ ಬರೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಎಂದರೆ ವೈದ್ಯರ ಕೋಣೆಯ 140/90ಕ್ಕೆ ಸಮ. ಆ ಹಾಳೆ ಮತ್ತು ಯಂತ್ರ ಎರಡನ್ನೂ ಮರುಭೇಟಿಗೆ ಒಯ್ದರೆ, ಅವರ ಯಂತ್ರದ ಪಕ್ಕದಲ್ಲಿಟ್ಟು ನಿಮ್ಮದು ಸರಿಯಾಗಿ ಅಳೆಯುತ್ತಿದೆಯೇ ಎಂದೂ ನೋಡಿಕೊಡುತ್ತಾರೆ.